ಮೀಸೆಯೇ ಹೆಸರಾದ ಡ್ರಮ್ ವಾದಕ

ಕೇಳುಗರಿಗೆ ನಮಸ್ಕಾರ.

ನಮ್ಮೂರುಗಳಲ್ಲೂ ಮೀಸೆ ಮಾವಂದಿರು, ಮೀಸೆ ಮೇಷ್ಟ್ರುಗಳು ಇರುತ್ತಾರೆ. ಆದರೆ ಪ್ಯಾರಿಸಿನಲ್ಲಿ 1929ರಲ್ಲಿ ಹುಟ್ಟಿದ ಫ್ರಾಂಸ್ವಾ ಅಲೆಕ್ಸಾಂದ್ರ್ ಗಾಲೆಪಿದೆಸ್ ಎಂಬಾತನಿಗೆ ಅಡ್ಡಹೆಸರು ಅಂಟಿಕೊಂಡ ಮೇಲೆ ಹುಟ್ಟುಹೆಸರು ಹೇಳಹೆಸರಿಲ್ಲದಂತಾಯಿತು. ಗ್ರಾಮಫೋನ್ ರೆಕಾರ್ಡಿನಲ್ಲಿ ಅಷ್ಟೇ, ಸಿನಿಮಾದಲ್ಲೂ ಅಷ್ಟೇ: ‘ಮುಸ್ತಾಶ್’. ಅಂದರೆ ಮೀಸೆ.

ಮಹಾಯುದ್ಧ ಮುಗಿದಿತ್ತು. ಪ್ಯಾರಿಸಿನ ಸೇಂಟ್ ಜರ್ಮೆಯ್ನ್ ಬಡಾವಣೆಯ ನೆಲಮಾಳಿಗೆಗಳಲ್ಲಿ ಹುಡುಗ ಹುಡುಗಿಯರು ಬೆವರಿಳಿಸಿ ಕುಣಿಯುತ್ತಿದ್ದರು. ಬೇಕಾಗಿದ್ದದ್ದು ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಹಳೇ ಜಾಝ್. ಅದನ್ನು ನುಡಿಸುತ್ತಿದ್ದ ಕ್ಲೋದ್ ಲ್ಯುಟೆರ್ ತಂಡದಲ್ಲಿ ಡ್ರಮ್ ಹಿಂದೆ ಕೂರುತ್ತಿದ್ದವನು ಈ ದಢೂತಿ ಹುಡುಗ. 1949ರಲ್ಲಿ ಆ ನ್ಯೂ ಆರ್ಲಿಯನ್ಸ್‌ನವರೇ ಆದ ಸ್ಯಾಕ್ಸೊಫೋನ್ ವಾದಕ ಸಿಡ್ನಿ ಬೆಶೆ ಈ ತಂಡದ ಜೊತೆ ‘ಲೆ ಜೊನ್ಯೋಂ’ ರೆಕಾರ್ಡ್ ಮಾಡಿದರು. ಹೆಸರಿನ ಅರ್ಥ ಈರುಳ್ಳಿ! ಸ್ವರ ಕುಣಿಯುತ್ತಾ ಬರುತ್ತದೆ, ಫಕ್ಕನೆ ನಿಲ್ಲುತ್ತದೆ. ಎಲ್ಲರೂ ಸುಮ್ಮನೆ. ಆಮೇಲೆ ಮತ್ತೆ ಶುರು. ಕಛೇರಿಗಳಲ್ಲಿ ಆ ಖಾಲಿ ಜಾಗಕ್ಕೆ ಸಭಿಕರೇ ‘ಈರುಳ್ಳಿ’ ಎಂದು ಕೂಗುತ್ತಿದ್ದರು. ನಮ್ಮ ಮೃದಂಗದವರು ಕಾರ್ವೆ, ಅಂದರೆ ನಡುವೆ ಖಾಲಿ ಜಾಗ, ಬಿಟ್ಟಾಗ ತೊಡೆಯ ಮೇಲೆ ಬೀಳಬೇಕಾದ ಕೈ ಗಾಳಿಯಲ್ಲೇ ಕಾಯುತ್ತದಲ್ಲ, ಹಾಗೆ.

ನನ್ನ ಲೆಕ್ಕದಲ್ಲಿ ಮುಸ್ತಾಶ್ ನಟನೆ ಕಲಿತದ್ದು ಇಲ್ಲೇ. ನಗಿಸುವವನಿಗೂ ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಿರಬೇಕು ತಾನೇ?

1961ರ ‘ಪ್ಯಾರಿಸ್ ಬ್ಲೂಸ್’ ಸಿನಿಮಾದಲ್ಲಿ ಪಾಲ್ ನ್ಯೂಮನ್, ಸಿಡ್ನಿ ಪೊಯ್ಟಿಯೇ ಜೊತೆ ಆತ ಡ್ರಮ್ ವಾದಕನಾಗಿಯೇ ಇದ್ದ, ಅದರಲ್ಲಿ ಹೆಚ್ಚೇನೂ ಕಷ್ಟವಿಲ್ಲ ಬಿಡಿ. ನನಗಿಷ್ಟವಾದದ್ದು 1966ರ ‘ಹೌ ಟು ಸ್ಟೀಲ್ ಎ ಮಿಲಿಯನ್’. ಆಡ್ರೆ ಹೆಪ್‌ಬರ್ನ್, ಪೀಟರ್ ಓ’ಟೂಲ್ ವಸ್ತುಸಂಗ್ರಹಾಲಯದಿಂದ ಮೂರ್ತಿ ಕದಿಯಲು ಹೊಂಚುತ್ತಾರೆ. ಕಾವಲುಗಾರರಲ್ಲಿ ಒಬ್ಬ ನಮ್ಮ ಮೀಸೆ. ಓ’ಟೂಲ್ ಎಸೆದ ಕೈಗೇ ಮರಳುವ ಬೂಮರಾಂಗ್ ಎಸೆದಾಗಲೆಲ್ಲ ಅಲಾರಂ ಹೊಡೆದುಕೊಳ್ಳುತ್ತದೆ, ಕಾವಲಿನವರು ಓಡಿಬರುತ್ತಾರೆ, ಮೂರ್ತಿ ಇದ್ದಲ್ಲೇ ಇದೆ. ಕೊನೆಗೆ ಬೇಸತ್ತು ಅಲಾರಂ ಆರಿಸಿಬಿಡುತ್ತಾರೆ. ಹಿರಿಯ ತಾರೆಯರು ಇದ್ದರೇನು, ಆ ಸಮವಸ್ತ್ರ, ಆ ಮೀಸೆ ಮನಸ್ಸಿನಿಂದ ಹೋಗುವುದಿಲ್ಲ.

ಇನ್ನೊಂದು ಕೆಲಸವನ್ನು ಹೇಳದಿದ್ದರೆ ತಪ್ಪಾದೀತು. ಫ್ರೆಂಚರ ಮೆಚ್ಚಿನ ಹಾಡುಗಾರ ಜಾರ್ಜ್ ಬ್ರಾಸೆನ್ಸ್ ಆತನ ಗೆಳೆಯ. ಅವರಿಗೂ ದಪ್ಪ ಮೀಸೆ! ಬ್ರಾಸೆನ್ಸ್ ಹಾಡುಗಳಲ್ಲಿ ಸಾಹಿತ್ಯವೇ ಎಲ್ಲ, ರಾಗ ಬರೀ ಸಪ್ಪೆ ಅನ್ನುವವರಿದ್ದರು. ಮುಸ್ತಾಶ್ ಸಾಹಿತ್ಯವೇ ಇಲ್ಲದೆ ಆ ಹಾಡುಗಳನ್ನು ಜಾಝ್‌ನಲ್ಲಿ ನುಡಿಸಿಬಿಟ್ಟ. 1979ರಲ್ಲಿ ಬಂದ ಆ ರೆಕಾರ್ಡಿನಲ್ಲಿ ಅಮೆರಿಕದ ಹ್ಯಾರಿ ಎಡಿಸನ್‌ರಂಥ ತುತ್ತೂರಿಗಾರರಿದ್ದಾರೆ, ಬ್ರಾಸೆನ್ಸ್ ತಾವೇ ಗಿಟಾರ್ ಹಿಡಿದು ಕೂತಿದ್ದಾರೆ.

ಕಾರಿನ ಪಂದ್ಯವೆಂದರೂ ಆತನಿಗೆ ಹುಚ್ಚು. 1987ರ ಮಾರ್ಚ್‌ನಲ್ಲಿ ಪ್ಯಾರಿಸಿನ ದಕ್ಷಿಣಕ್ಕಿರುವ ಆರ್ಪಜೋಂ ಊರಿನ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. 58 ವರ್ಷ.

ಈಗ ಆ ‘ಈರುಳ್ಳಿ’ಯನ್ನೇ ಕೇಳೋಣ. ನಡುನಡುವೆ ಸದ್ದು ನಿಲ್ಲುತ್ತದೆ. ದಯವಿಟ್ಟು ರೇಡಿಯೋ ತಟ್ಟಬೇಡಿ.