ರೆಕಾರ್ಡ್ ಯಾರು ಬರೆಯುವುದು?

ಕೇಳುಗರಿಗೆ ನಮಸ್ಕಾರ.

ನಾನು ಮಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವಳು. ತರಗತಿಯಲ್ಲಿ ಹುಡುಗಿಯರಿಗೇನೂ ಬರ ಇರಲಿಲ್ಲ. ಆದರೆ ಲ್ಯಾಬಿನಲ್ಲಿ ಇಬ್ಬರಿಗೊಂದು ಕಂಪ್ಯೂಟರ್. ಕೀಬೋರ್ಡ್ ಜೊತೆಗಾರನ ಕೈಯಲ್ಲಿ, ಲ್ಯಾಬಿನಲ್ಲಿ ಮಾಡಿದ್ದನ್ನು ಬರೆದಿಡುವ ರೆಕಾರ್ಡ್ ಪುಸ್ತಕ ನನ್ನ ಕೈಯಲ್ಲಿ. "ನಿನ್ನ ಅಕ್ಷರ ಚಂದ ಉಂಟಲ್ಲ ಮಾರಾಯ್ತಿ, ನೀನೇ ಬರಿ" ಅಂದ. ಹೊಗಳಿಕೆ ಅಂತ ತಿಳಿದು ಎರಡು ವರ್ಷ ಬರೆದೆ!

ಕಂಪ್ಯೂಟರ್ ಬಂದ ಶುರುವಿನಲ್ಲಿ ಹೀಗಿರಲಿಲ್ಲ. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಭಾರೀ ಕಂಪ್ಯೂಟರನ್ನು ಜನರಿಗೆ ತೋರಿಸಿದರು. ಅದಕ್ಕೆ ಪ್ರೋಗ್ರಾಂ ಮಾಡಿದ್ದು ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್ ಮತ್ತು ಇನ್ನೂ ನಾಲ್ವರು ಹೆಂಗಸರು. ಕೀಬೋರ್ಡ್ ಎಲ್ಲಿಂದ ಬರಬೇಕು? ವಯರು ಚುಚ್ಚಿ, ಸ್ವಿಚ್ಚು ತಿರುಗಿಸಿ ಲೆಕ್ಕ ಕೂಡಿಸಬೇಕು. ಯಂತ್ರ ಕಟ್ಟುವುದೇ ದೊಡ್ಡ ಕೆಲಸ, ಪ್ರೋಗ್ರಾಂ ಅಂದರೆ ಗುಮಾಸ್ತಿಕೆ ಅಂತ ಆಗಿನ ಎಣಿಕೆ. ಪ್ರದರ್ಶನದ ರಾತ್ರಿ ಔತಣ ನಡೆಯಿತು. ಈ ಹೆಂಗಸರಿಗೆ ಕರೆಯೇ ಇಲ್ಲ. ನಮ್ಮ ಕಡೆ ಚಪ್ಪರ ಹಾಕಿದವರನ್ನೂ ಊಟಕ್ಕೆ ಕರೆಯುತ್ತಾರೆ, ಅಲ್ವಾ?

ಆದರೂ ಅಲ್ಲಿ ಹೆಂಗಸರು ಹೆಚ್ಚುತ್ತಲೇ ಹೋದರು. 1984ರ ಸುಮಾರಿಗೆ ಕಂಪ್ಯೂಟರ್ ಪದವಿ ಪಡೆಯುವವರಲ್ಲಿ ಅವರು ಶೇಕಡಾ 37ರಷ್ಟಿದ್ದರು. ಆಮೇಲೆ ಇಳಿದು ಇಳಿದು 18ರ ಹತ್ತಿರಕ್ಕೆ ಬಂದರು. ಕಾರಣ ಒಂದೇ ಅಲ್ಲ. ಆದರೆ ಅದೇ ಹೊತ್ತಿಗೆ ಕಂಪ್ಯೂಟರ್ ಮನೆಗೆ ಬಂತು. ಜಾಹೀರಾತುಗಳು ಅದನ್ನು ಹುಡುಗರ ಆಟದ ಸಾಮಾನು ಮಾಡಿದವು. ಕಾಲೇಜು ಸೇರುವಾಗಲೇ ಹುಡುಗರ ಕೈ ಪಳಗಿರುತ್ತಿತ್ತು. ಅದನ್ನೇ ಬುದ್ಧಿವಂತಿಕೆ ಅಂದುಬಿಟ್ಟರು.

ನಮ್ಮಲ್ಲಿ ಸುರತ್ಕಲ್‌ನ ಎನ್‌ಐಟಿಕೆ ಇಂಜಿನಿಯರಿಂಗ್ ಕಾಲೇಜಿನಂಥ ಕಡೆ ಹುಡುಗಿಯರಿಗೆಂದೇ ಸೀಟುಗಳಿವೆ. ಒಳ್ಳೆಯದೇ. ಆದರೆ ಪ್ರೋಗ್ರಾಮಿಂಗ್ ಬರೀ ಪಾಠ ಕೇಳಿದರೆ ಕೈಗೆ ಹತ್ತುವುದಿಲ್ಲ. ತಪ್ಪು ಮಾಡುತ್ತಾ, ಹೊತ್ತು ಹೋದದ್ದೂ ತಿಳಿಯದ ಹಾಗೆ ಕೂರಬೇಕು. ನನಗೋ ಸಂಜೆಯಾದರೆ ಕಾರ್ಕಳದ ಬಸ್ಸಿನದೇ ಚಿಂತೆ. ಬಸ್ಸು ತಪ್ಪಿದರೆ ಅಮ್ಮನ ಫೋನು. ಹಾಸ್ಟೆಲಿನ ಗೆಳತಿಯರಿಗೆ ಗೇಟು ಬೇಗ ಮುಚ್ಚುತ್ತಿತ್ತು. ಹುಡುಗರು ರಾತ್ರಿ ಕೂತು ಕಲಿತದ್ದನ್ನು ಬೆಳಿಗ್ಗೆ ನಮಗೆ ಹೇಳಿಕೊಡುತ್ತಿದ್ದರು. ಪಾಪ, ಪ್ರೀತಿಯಿಂದಲೇ!

ಈಗ ನಾನೇ ಲ್ಯಾಬು ನೋಡಿಕೊಳ್ಳುತ್ತೇನೆ. ಅರ್ಧ ಗಂಟೆಗೊಮ್ಮೆ ಕುರ್ಚಿ ಬದಲಿಸಲೇಬೇಕು ಅಂದಿದ್ದೇನೆ. ಮೊದಲ ವಾರ ಬರೀ ಗೊಣಗಾಟ. ಮೊನ್ನೆ ಒಬ್ಬ ಹುಡುಗ ಮೆಲ್ಲಗೆ ಮೌಸ್‌ಗೆ ಕೈ ಚಾಚಿದ. ಪಕ್ಕದಲ್ಲಿದ್ದವಳು ತಲೆ ಎತ್ತಲೂ ಇಲ್ಲ.

"ಇನ್ನೂ ಹತ್ತು ನಿಮಿಷ ಉಂಟು. ನೀನು ರೆಕಾರ್ಡ್ ಬರಿ" ಅಂದಳು.