ಎಪಿ ಸ್ಕೋರು ಬರುವ ಮುಂಚಿನ ಕೋರ್ಸ್ ನೋಂದಣಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಹೈಸ್ಕೂಲುಗಳಲ್ಲಿ ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಕಾಲೇಜು ಮಟ್ಟದ ಪರೀಕ್ಷೆಗಳು ನಡೆಯುವುದು ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ. 1ರಿಂದ 5ರವರೆಗಿನ ಸ್ಕೋರು ಕೈಗೆ ಬರುವುದು ಜುಲೈ ಆರಂಭದಲ್ಲಿ. ಆದರೆ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮ, ಅಂದರೆ ಓರಿಯಂಟೇಷನ್, ಜೂನ್‌ನಲ್ಲೇ ಮುಗಿಯುತ್ತದೆ. ಮೊದಲ ಸೆಮಿಸ್ಟರಿನ ಕೋರ್ಸುಗಳಿಗೆ ಹೆಸರು ಬರೆಸುವುದೂ ಅಲ್ಲೇ. ಡಲ್ಲಾಸ್‌ನಲ್ಲಾಗಲಿ ನ್ಯೂಜೆರ್ಸಿಯಲ್ಲಾಗಲಿ ಬೇ ಏರಿಯಾದಲ್ಲಾಗಲಿ, ಈ ವರ್ಷ ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿರುವ ಕನ್ನಡ ಮನೆಗಳಲ್ಲಿ ಈಗ ಇದೇ ಮಾತು: ಸ್ಕೋರು ಬಂದಿಲ್ಲ, ಯಾವ ಕೋರ್ಸು ಹಿಡಿಯೋಣ?

ಉತ್ತರಕ್ಕೆ ಮುಂಚೆ ಎರಡು ಪದಗಳನ್ನು ಬೇರೆ ಮಾಡಿಕೊಳ್ಳಬೇಕು. ಕ್ರೆಡಿಟ್ ಎಂದರೆ ಪದವಿಯ ಲೆಕ್ಕಕ್ಕೆ ಜಮೆಯಾಗುವ ಯೂನಿಟ್ಟು. ಪ್ಲೇಸ್‌ಮೆಂಟ್ ಎಂದರೆ ಕೆಳಗಿನ ಕೋರ್ಸು ಬಿಟ್ಟು ಮೇಲಿನದರಲ್ಲಿ ಕೂರಲು ಅನುಮತಿ, ಅಷ್ಟೇ. ಒಂದು ಸಿಕ್ಕರೆ ಇನ್ನೊಂದೂ ಸಿಕ್ಕಿತೆಂದು ಅರ್ಥವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಲ್ಲಿ 3 ಅಥವಾ ಹೆಚ್ಚಿನ ಸ್ಕೋರಿಗೆ ಯೂನಿಟ್ಟು ಸಿಗುತ್ತದೆ. ಅದರಿಂದ ಯಾವ ಕೋರ್ಸು ತಪ್ಪುತ್ತದೆ ಎಂಬುದನ್ನು ಆಯಾ ಕ್ಯಾಂಪಸ್ಸು, ಅದರೊಳಗಿನ ಕಾಲೇಜು ತೀರ್ಮಾನಿಸುತ್ತವೆ. ಎಪಿಯಲ್ಲಿ ಕ್ಯಾಲ್ಕುಲಸ್‌ಗೆ ಎರಡು ಪರೀಕ್ಷೆಗಳಿವೆ: ಚಿಕ್ಕದು ಎಬಿ, ದೊಡ್ಡದು ಬಿಸಿ. ಎಂಐಟಿಯಲ್ಲಿ ಕ್ಯಾಲ್ಕುಲಸ್ ಬಿಸಿಗೆ 5 ಬಂದರೆ ಮಾತ್ರ ಮೊದಲ ಕ್ಯಾಲ್ಕುಲಸ್ ಕೋರ್ಸಿನ ಕ್ರೆಡಿಟ್. ಕೆಮಿಸ್ಟ್ರಿಗೆ 5 ಬಂದರೂ ಕ್ರೆಡಿಟ್ ಇಲ್ಲ. ಆದ್ದರಿಂದ ಪಕ್ಕದ ಮನೆಯ ಹುಡುಗನಿಗೆ ಎಷ್ಟು ಸಿಕ್ಕಿತು ಎಂದು ವಿಚಾರಿಸಿ ಪ್ರಯೋಜನವಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಎಪಿ ಪಟ್ಟಿಯನ್ನು, ಅದರಲ್ಲೂ ನೀವು ಸೇರುವ ವಿಭಾಗದ ಸಾಲನ್ನು, ಸೇರುವ ವರ್ಷದ್ದೇ ನೋಡಿಕೊಂಡು ಓದಬೇಕು.

ಈಗ ಆಯ್ಕೆಯ ಮಾತು. ಇಂಗ್ಲಿಷ್, ಅಮೆರಿಕದ ಇತಿಹಾಸ, ಸೈಕಾಲಜಿಯಂಥ ವಿಷಯಗಳಲ್ಲಿ ಸ್ಕೋರು ಬರಬೇಕಿದೆಯೇ? ಅವಕ್ಕೆ ಸಂಬಂಧಿಸಿದ ಕೋರ್ಸುಗಳನ್ನು ಮೊದಲ ಸೆಮಿಸ್ಟರಿನಲ್ಲಿ ಮುಟ್ಟಬೇಡಿ, ವಸಂತದ ಸೆಮಿಸ್ಟರಿಗೆ ತಳ್ಳಿ. ಆ ಜಾಗದಲ್ಲಿ ಯಾವ ಎಪಿಯೂ ತಾಗದ ಕೋರ್ಸುಗಳನ್ನು ತುಂಬಿಸಿ: ಮೊದಲ ವರ್ಷದ ಸೆಮಿನಾರು, ವಿಭಾಗದ ಪರಿಚಯ ಕೋರ್ಸು, ಹೈಸ್ಕೂಲಿನಲ್ಲಿ ಓದದ ವಿಷಯ. ಸ್ಕೋರು ಏನೇ ಬರಲಿ, ಇವನ್ನು ಬದಲಿಸಬೇಕಾಗುವುದಿಲ್ಲ.

ಮುಂದಕ್ಕೆ ತಳ್ಳಲಾಗದ್ದು ಗಣಿತ. ಎಂಜಿನಿಯರಿಂಗ್‌ನಲ್ಲಿ ಅದರ ಹಿಂದೆ ಫಿಸಿಕ್ಸ್, ಫಿಸಿಕ್ಸ್‌ನ ಹಿಂದೆ ಉಳಿದದ್ದು ಸರಪಳಿಯಂತೆ ಬರುತ್ತವೆ. ಕ್ಯಾಲ್ಕುಲಸ್ ಬಿಸಿ ಬರೆದು 4 ಅಥವಾ 5 ನಿರೀಕ್ಷಿಸುವ ವಿದ್ಯಾರ್ಥಿ ಎನ್ನಿ. ಅನೇಕ ಕಡೆ ಆ ಸ್ಕೋರಿಗೆ ಕ್ಯಾಲ್ಕುಲಸ್ 1 ಮತ್ತು 2 ಎರಡೂ ಮುಗಿದಂತೆಯೇ. ಜೂನ್‌ನಲ್ಲಿ ಕ್ಯಾಲ್ಕುಲಸ್ 3 ಆರಿಸಲು ಹೋದರೆ, ಪ್ರಿರಿಕ್ವಿಸಿಟ್, ಅಂದರೆ ಅದಕ್ಕೂ ಮುಂಚೆ ಮುಗಿಸಿರಬೇಕಾದ ಕೋರ್ಸು, ಇಲ್ಲವೆಂದು ಸಿಸ್ಟಮ್ ತಡೆಯುತ್ತದೆ. ಹೆದರಿ ಕ್ಯಾಲ್ಕುಲಸ್ 1ಕ್ಕೆ ಹೆಸರು ಬರೆಸಿ ಕೂತರೆ, ಜುಲೈನಲ್ಲಿ 5 ಬಂದು ಕ್ರೆಡಿಟ್ ಜಮೆಯಾಗುವ ಹೊತ್ತಿಗೆ ಕ್ಯಾಲ್ಕುಲಸ್ 3ರ ಸೆಕ್ಷನ್‌ಗಳು ಭರ್ತಿಯಾಗಿರುತ್ತವೆ. ಮೇಲಿನ ಕೋರ್ಸಿಗೆ ಸೆಕ್ಷನ್‌ಗಳೇ ಕಡಿಮೆ. ಹಾಗಾಗಿ ಓರಿಯಂಟೇಷನ್ ದಿನವೇ ಅಡ್ವೈಸರ್ ಬಳಿ ಪ್ರಿರಿಕ್ವಿಸಿಟ್ ಓವರ್‌ರೈಡ್, ಅಂದರೆ ಆ ತಡೆ ದಾಟಲು ವಿಶೇಷ ಅನುಮತಿ, ಕೇಳಿ ಮೇಲಿನ ಸೀಟು ಹಿಡಿದಿಟ್ಟುಕೊಳ್ಳುವುದು ಜಾಣತನ. ಬರೆದ ಪರೀಕ್ಷೆ, ಹೈಸ್ಕೂಲಿನ ಗ್ರೇಡು, ನಿರೀಕ್ಷೆಯ ಸ್ಕೋರು ಒಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ. ಓವರ್‌ರೈಡ್ ಸಿಗದಿದ್ದರೆ, ಹನ್ನೊಂದನೇ ತರಗತಿಯಲ್ಲೇ ಕ್ಯಾಲ್ಕುಲಸ್ ಎಬಿ ಮುಗಿಸಿದವರು ಆ ಹಳೆಯ ಸ್ಕೋರಿನ ಬಲದ ಮೇಲೆ ಕ್ಯಾಲ್ಕುಲಸ್ 2 ಹಿಡಿಯಬಹುದು. ಬಿಸಿ ಸ್ಕೋರು 3 ಬಂತೆಂದು ಕೈಚೆಲ್ಲಬೇಡಿ. ಅದರ ಜೊತೆಗೇ ಎಬಿ ಭಾಗಕ್ಕೆ ಪ್ರತ್ಯೇಕ ಸ್ಕೋರು, ಅಂದರೆ ಎಬಿ ಸಬ್‌ಸ್ಕೋರು ಬರುತ್ತದೆ, ಅದು 4 ಇದ್ದರೆ ಎಷ್ಟೋ ಕಡೆ ಕ್ಯಾಲ್ಕುಲಸ್ 1 ತಪ್ಪುತ್ತದೆ.

5 ಬಂದ ಮೇಲೂ ಸುಲಭದ ಗ್ರೇಡು ಸಿಗಲಿ ಎಂದು ಕ್ಯಾಲ್ಕುಲಸ್ 1ರಲ್ಲೇ ಉಳಿಯುವವರಿದ್ದಾರೆ. ಒಂದೇ ವಿಷಯಕ್ಕೆ ಎರಡು ಸಲ ಕ್ರೆಡಿಟ್ ಇಲ್ಲ. ಸಾಮಾನ್ಯವಾಗಿ ಎಪಿಯಿಂದ ಬಂದದ್ದು ಅಳಿಸಿಹೋಗುತ್ತದೆ. ಬುನಾದಿ ಗಟ್ಟಿಯಿಲ್ಲ ಅನ್ನಿಸಿದರೆ ಹಾಗೆ ಮಾಡುವುದರಲ್ಲಿ ತಪ್ಪಿಲ್ಲ, ಆದರೆ ತಿಳಿದು ಮಾಡಬೇಕು. ವೈದ್ಯಕೀಯಕ್ಕೆ ಹೋಗುವ ಯೋಚನೆಯಿದ್ದವರು ಇನ್ನೂ ಒಂದು ವಿಚಾರಿಸಲಿ: ತಮ್ಮ ಪ್ರಿರಿಕ್ವಿಸಿಟ್‌ಗಳಿಗೆ ಎಪಿ ಕ್ರೆಡಿಟ್ ಒಪ್ಪದ ಮೆಡಿಕಲ್ ಸ್ಕೂಲುಗಳಿವೆ.

ಸ್ಕೋರು ಬಂದರೆ ಮುಗಿಯಲಿಲ್ಲ, ಅದು ವಿಶ್ವವಿದ್ಯಾಲಯಕ್ಕೆ ತಲುಪಬೇಕು. ಪರೀಕ್ಷೆ ಬರೆದ ವರ್ಷ ಜೂನ್ 20ರೊಳಗೆ ಎಪಿ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಖಾತೆಯಲ್ಲಿ ಒಂದು ಕಾಲೇಜನ್ನು ಆರಿಸಿದರೆ ಉಚಿತವಾಗಿ ಹೋಗುತ್ತದೆ. ಆಮೇಲೆ ಕಳಿಸಿದರೆ ಶುಲ್ಕ. ಹಿಂದಿನ ವರ್ಷಗಳ ಸ್ಕೋರುಗಳೂ ಅದೇ ವರದಿಯಲ್ಲಿ ಹೋಗುತ್ತವೆ, ಬೇರೆ ಬೇರೆ ಕಳಿಸಬೇಕಿಲ್ಲ. ಕ್ಯಾಂಪಸ್ ಸರಿಯಾಗಿ ನೋಡಿ: ಮಿಶಿಗನ್ ವಿಶ್ವವಿದ್ಯಾಲಯ ಎಂದರೆ ಆನ್ ಆರ್ಬರ್ ಇದೆ, ಡಿಯರ್‌ಬಾರ್ನ್ ಇದೆ, ಫ್ಲಿಂಟ್ ಇದೆ.

ನಮ್ಮವರು ಹೆಚ್ಚಾಗಿ ಎಡವುವುದು ಹೆಸರಿನಲ್ಲಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೇ ಸರ್‌ನೇಮ್, ಶಾಲೆಯಲ್ಲಿ ಬರೀ ಇನಿಷಿಯಲ್, ಕಾಲೇಜ್ ಬೋರ್ಡ್‌ನಲ್ಲಿ ಊರಿನ ಹೆಸರು ಮುಂದೆ. ಸರ್‌ನೇಮ್ ಖಾಲಿಯಿದ್ದವರಿಗೆ ವೀಸಾದಲ್ಲಿ ಇದ್ದ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂದು ಬೇರೆ ಸೇರಿರುತ್ತದೆ. ಹೆಸರು, ಹುಟ್ಟಿದ ದಿನ, ಇಮೇಲು ತಾಳೆಯಾಗದಿದ್ದರೆ ಸ್ಕೋರು ಬಂದು ಬಿದ್ದಿದ್ದರೂ ಯಾರ ಕಡತಕ್ಕೂ ಸೇರದೆ ಕೂತಿರುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದು. ಕಳಿಸಿ ಎರಡು ಮೂರು ವಾರವಾದರೂ ವಿದ್ಯಾರ್ಥಿ ಪೋರ್ಟಲಿನಲ್ಲಿ ಕಾಣದಿದ್ದರೆ, ಹುಟ್ಟಿದ ದಿನ ಮತ್ತು ಎರಡೂ ಕಡೆಯ ಹೆಸರು ಬರೆದು ರಿಜಿಸ್ಟ್ರಾರ್ ಕಚೇರಿಗೆ ಇಮೇಲ್ ಮಾಡಿ. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಂಥ ಕಡೆ ಸ್ಕೋರು ತಲುಪಿದರೂ ಕ್ರೆಡಿಟ್ ತಾನಾಗಿ ಜಮೆಯಾಗದು, ವಿದ್ಯಾರ್ಥಿಯೇ ಕ್ಲೇಮ್ ಮಾಡಬೇಕು.

ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಿಂದ ಹೋಗುವವರಲ್ಲಿ ಕೆಲವರಿಗೆ ಕಾಯುವ ಕಾಲ ಇನ್ನೂ ಬಿಗಿ. ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಫಲಿತಾಂಶ ಜುಲೈ ಮೊದಲ ವಾರಕ್ಕೇ ಬಂದುಬಿಡುತ್ತದೆ. ಆದರೆ ಬ್ರಿಟಿಷ್ ಮಾದರಿಯ ಎ ಲೆವೆಲ್ ಪರೀಕ್ಷೆಯದು ಬರುವುದು ಆಗಸ್ಟ್ ಮಧ್ಯದ ಹೊತ್ತಿಗೆ, ಎಷ್ಟೋ ಕಡೆ ತರಗತಿ ಶುರುವಾಗುವುದು ಅದೇ ತಿಂಗಳ ಕೊನೆಗೆ. ಎ ಲೆವೆಲ್‌ನವರಿಗೆ ಓವರ್‌ರೈಡ್ ಬಿಟ್ಟರೆ ಬೇರೆ ದಾರಿ ಕಡಿಮೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರಿಗೆ ಸೆಮಿಸ್ಟರಿಗೆ 12 ಕ್ರೆಡಿಟ್ ಇರಲೇಬೇಕು, ಎಪಿಯಿಂದ ಬಂದ ಕ್ರೆಡಿಟ್ ಈ ಲೆಕ್ಕಕ್ಕಿಲ್ಲ. 14 ಕ್ರೆಡಿಟ್ ಹಿಡಿದವರು 4 ಕ್ರೆಡಿಟ್ಟಿನ ಕ್ಯಾಲ್ಕುಲಸ್ 1 ಬಿಟ್ಟರೆ 10ಕ್ಕೆ ಇಳಿದರು. ಅನುಮತಿಯಿಲ್ಲದೆ ಹಾಗೆ ಇಳಿದರೆ ವೀಸಾ ಸ್ಥಿತಿಗೇ ಧಕ್ಕೆ. ಮೊದಲೇ 16 ಹಿಡಿದಿದ್ದರೆ ಒಂದು ಬಿಟ್ಟರೂ 12 ಉಳಿಯುತ್ತದೆ.

ಕೋರ್ಸು ಸೇರಿಸುವ ಕೊನೆಯ ದಿನ, ಬಿಡುವ ಕೊನೆಯ ದಿನ ಎರಡೂ ಒಂದೇ ಅಲ್ಲ. ಸಾಮಾನ್ಯವಾಗಿ ಸೇರಿಸುವ ಗಡುವು ಮೊದಲು ಮುಗಿಯುತ್ತದೆ, ಬಿಡುವುದಕ್ಕೆ ಇನ್ನೂ ಕೆಲವು ದಿನ ಇರುತ್ತದೆ. ಆ ನಡುವಿನ ದಿನಗಳಲ್ಲಿ ಬಿಟ್ಟವರಿಗೆ ಬದಲಿ ಸಿಗದು. ಪೋರ್ಟಲಿನಲ್ಲಿ ಸ್ವ್ಯಾಪ್ ಎಂಬ ಗುಂಡಿಯಿದ್ದರೆ ಅದನ್ನೇ ಒತ್ತಿ. ಹೊಸ ಸೀಟು ಸಿಕ್ಕರೆ ಮಾತ್ರ ಹಳೆಯದು ಬಿಡುತ್ತದೆ, ಸಿಗದಿದ್ದರೆ ಇದ್ದದ್ದು ಇದ್ದಲ್ಲೇ ಇರುತ್ತದೆ.

ನಮಸ್ಕಾರ.