29ರಿಂದ ಶುರುವಾಗುವ ಸಾಲುಗಳು

ಎಲ್ಲರಿಗೂ ನಮಸ್ಕಾರ.

ನಾನು ತೆರಿಗೆ ಇಲಾಖೆಯೊಂದರಲ್ಲಿ ಡೇಟಾ ಎಂಜಿನಿಯರ್. ಮದುವೆ ಮನೆಯಲ್ಲಿ ಹೀಗೆ ಹೇಳಿದರೆ ಪಂಕ್ತಿಯಲ್ಲಿ ಪಕ್ಕ ಕೂತ ಅಂಗಡಿಯವರು ಮಾತು ನಿಲ್ಲಿಸಿ ಪಾಯಸದ ಕಡೆ ತಿರುಗುತ್ತಾರೆ. ನಾನು ಯಾರ ಅಂಗಡಿಗೂ ಹೋಗುವವನಲ್ಲ. ನನ್ನ ಮುಂದಿರುವುದು ಬಿಲ್ಲುಗಳ ಸಾಲು, ಅಷ್ಟೇ. ಆದರೆ ನೋಟಿಸ್ ಹುಟ್ಟುವುದೂ ಆ ಸಾಲುಗಳಿಂದಲೇ. ಹಾಗಾಗಿ ಅವರ ಭಯ ಪೂರ್ತಿ ತಪ್ಪೂ ಅಲ್ಲ.

ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ನೋಡಿರುತ್ತೀರಿ. 15 ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ 10 ಪ್ಯಾನ್. ಕಟ್ಟಕಡೆಯದನ್ನು ಹಿಂದಿನ 14 ಅಕ್ಷರಗಳಿಂದ ಲೆಕ್ಕ ಹಾಕಿ ತೆಗೆಯುತ್ತಾರೆ. ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೂ ಅದು ಹಿಡಿದುಕೊಡುತ್ತದೆ. ಯಾರು ಯೋಚಿಸಿ ಮಾಡಿದರೋ, ಅವರಿಗೆ ನಾನು ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಬಿಲ್ ನಂಬರಿಗೆ ಇಂಥ ಕಾವಲು ಇಲ್ಲ. 50,000 ರೂಪಾಯಿಗಿಂತ ಜಾಸ್ತಿ ಬೆಲೆಯ ಸರಕು ಲಾರಿ ಹತ್ತುವ ಮುಂಚೆ ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಆನ್‌ಲೈನ್ ಚೀಟಿ, ತೆಗೆಯಬೇಕು, ಕೆಲವು ಸರಕು ಬಿಟ್ಟು. ಅಲ್ಲೊಮ್ಮೆ ಬಿಲ್ ನಂಬರ್ ಟೈಪ್ ಆಗುತ್ತದೆ. ಆಮೇಲೆ ರಿಟರ್ನ್, ಅಂದರೆ ಇಲಾಖೆಗೆ ಕೊಡುವ ಮಾರಾಟದ ಲೆಕ್ಕ, ಹಾಕುವಾಗ ಇನ್ನೊಮ್ಮೆ. ಎರಡೂ ಒಂದೇ ಬಿಲ್ಲು ಅಂತ ನನ್ನ ಪ್ರೋಗ್ರಾಮಿಗೆ ಗೊತ್ತಾಗಬೇಕಲ್ಲ? ಅಲ್ಲಿ 007 ಇದ್ದದ್ದನ್ನು ಎಕ್ಸೆಲ್ ಇಲ್ಲಿ 7 ಮಾಡಿರುತ್ತದೆ. ಒಂದು ಕಡೆ ಓರೆ ಗೀಟು, ಇನ್ನೊಂದು ಕಡೆ ಅಡ್ಡ ಗೀಟು. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’. ನನ್ನ ವಾರದಲ್ಲಿ ಅರ್ಧ ಇದಕ್ಕೇ ಹೋಗುತ್ತದೆ. ನೀವು ಕ್ಲಾಸಿನಲ್ಲಿ ಕಲಿಯುವ ದೊಡ್ಡ ದೊಡ್ಡ ಮಾಡೆಲ್‌ಗಳ ಸರದಿ ಆಮೇಲೆ. ಎಷ್ಟೋ ವಾರ ಬರುವುದೇ ಇಲ್ಲ.

ಇಷ್ಟು ಕಷ್ಟಪಟ್ಟು ಹೊಂದಿಸಿದ ಮೇಲೂ ತಪ್ಪಬಹುದು. ಸೇರಿದ ಹೊಸತರಲ್ಲಿ ಒಂದು ಪಟ್ಟಿ ಮಾಡಿದೆ. ಏಪ್ರಿಲ್‌ನಲ್ಲಿ ಲಾರಿಯಲ್ಲಿ ಸರಕು ಹೋಗಿದೆ, ಏಪ್ರಿಲ್ ರಿಟರ್ನ್‌ನಲ್ಲಿ ಬಿಲ್ಲೇ ಇಲ್ಲ. ಕಳ್ಳರು ಸಿಕ್ಕಿಬಿಟ್ಟರು ಅಂತ ಖುಷಿಯಾಗಿ ನಮ್ಮ ಮೇಲಧಿಕಾರಿ ಮೇಡಂ ಹತ್ತಿರ ಓಡಿದೆ. ಅವರು ಜಿಎಸ್‌ಟಿಗೂ ಮುಂಚಿನ ವ್ಯಾಟ್ ತೆರಿಗೆ ಕಾಲದಿಂದಲೂ ಇದ್ದವರು. ಕನ್ನಡಕ ಏರಿಸಿ ಎರಡು ಪುಟ ನೋಡಿದರು. “ಇವರೆಲ್ಲ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋರು ಕಣಪ್ಪ. ಇವರು ಹಾಕೋ ದಿನವೇ ಇನ್ನೂ ಬಂದಿಲ್ಲ” ಎಂದರು.

ನಿಜ. ವರ್ಷಕ್ಕೆ 5 ಕೋಟಿವರೆಗೆ ವಹಿವಾಟು ಇರುವವರಿಗೆ 2021ರ ಜನವರಿಯಿಂದ ಆ ಅವಕಾಶ ಇದೆ. ನಿಯಮ ನನಗೆ ಗೊತ್ತಿತ್ತು. ಟೇಬಲ್‌ಗೆ ಹೇಳಿರಲಿಲ್ಲ.

ಮೇಡಂ ಅಲ್ಲಿಗೇ ಬಿಡಲಿಲ್ಲ. ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಬೆಳಗಾವಿಯ ಒಂದು ಫೌಂಡ್ರಿ. ಎರಕ ಹೊಯ್ದ ಭಾಗಗಳನ್ನು ಕೊರೆದು ನಯ ಮಾಡಿಸಲು ಬೇರೆ ವರ್ಕ್‌ಶಾಪಿಗೆ ಕಳಿಸುತ್ತಾರೆ. ಇ-ವೇ ಬಿಲ್ ಇರುತ್ತದೆ, ಮಾರಾಟ ಇರುವುದಿಲ್ಲ. ಮಾರಾಟದ ಬಿಲ್ಲಿಲ್ಲದೆ ಬರೀ ಚಲನ್, ಅಂದರೆ ಸರಕು ಕಳಿಸಿದ ಚೀಟಿ, ಮೇಲೆ ಹೋಗಿ ಮತ್ತೆ ವಾಪಸ್ ಬರುವ ಮಾಲು ಅದು. ಆವತ್ತು ನನ್ನ ಪಟ್ಟಿಯಲ್ಲಿ ಉಳಿದದ್ದು ಸ್ವಲ್ಪವೇ. ಹಾಗಂತ ಉಳಿದವರು ಪಾಪದವರೇನಲ್ಲ ಬಿಡಿ, ಅವರ ಕಥೆ ಬೇರೆ.

2025ರ ಜುಲೈ ನಿಮಗೆ ನೆನಪಿರಬೇಕು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು. ಯುಪಿಐ ಹಣದ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋಗಿತ್ತು. ಒಬ್ಬ ತರಕಾರಿ ವ್ಯಾಪಾರಿಯ ಖಾತೆಗೆ ನಾಲ್ಕು ವರ್ಷದಲ್ಲಿ 1.63 ಕೋಟಿ ಬಂದಿದೆ, 29 ಲಕ್ಷದ ನೋಟಿಸ್ ಅಂತ ಪೇಪರಿನಲ್ಲಿ ಬಂತು. ನಾನು ಸುಮ್ನೆ ಫೋನಿನಲ್ಲಿ ಗುಣಿಸಿ ನೋಡಿದೆ. 1.63 ಕೋಟಿಗೆ ಶೇಕಡ 18 ಹಾಕಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ.

ನಾಲ್ಕರಿಂದ ಭಾಗಿಸಿದರೆ ವರ್ಷಕ್ಕೆ 40 ಲಕ್ಷದ ಮೇಲೆ ಚೂರು. ಸರಕು ಮಾರುವವರು ನೋಂದಣಿ ಮಾಡಿಸಬೇಕಾದ ಮಿತಿ ಸರಿಯಾಗಿ 40 ಲಕ್ಷ. ಅಂದರೆ ಆ ಮಿತಿಯ ಗೆರೆ ದಾಟಿದವರನ್ನು ಕೇಳಬೇಕಾದ್ದನ್ನೇ ಕೇಳಿದ್ದಾರೆ. ಆದರೆ ಬರೀ ತೆರಿಗೆ ಇಲ್ಲದ ಸರಕು ಮಾರುವವರು ಗೆರೆ ದಾಟಿದರೂ ನೋಂದಣಿ ಬೇಡ. ಏನು ಮಾರಿದ್ದು ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ. ಯುಪಿಐ ಸಾಲಿನಲ್ಲಿ ದಿನ, ಮೊತ್ತ, ಯಾರಿಂದ ಯಾರಿಗೆ, ಇಷ್ಟೇ. ಸೊಪ್ಪಿನ ದುಡ್ಡೋ, ಬಾವ ವಾಪಸ್ ಕೊಟ್ಟ ಸಾಲವೋ, ಎತ್ತಿದ ಚೀಟಿಯ ಹಣವೋ ಅಂತ ಬರೆದಿರುವುದಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಹಳೇ ಬಾಕಿ ವಸೂಲಿ ಇಲ್ಲ, ನೋಂದಣಿ ಮಾಡಿಸಬೇಕಾದವರು ಮಾಡಿಸಿ ಎಂದ ಮೇಲೆ ಗಲಾಟೆ ತಣ್ಣಗಾಯಿತು.

ಈಗ ನಾನು ಯಾವ ಪಟ್ಟಿ ಕೊಟ್ಟರೂ ಕೊನೆಗೆ ಒಂದು ಕಾಲಂ ಸೇರಿಸುತ್ತೇನೆ: ‘ಈ ಸಾಲಿಗೆ ಗೊತ್ತಿಲ್ಲದ್ದು’. ಸರಕು ಯಾವುದು ಗೊತ್ತಿಲ್ಲ. ಮೂರು ತಿಂಗಳಿನವರೋ ಗೊತ್ತಿಲ್ಲ. ಮಾಲು ವಾಪಸ್ ಬಂತೋ ಗೊತ್ತಿಲ್ಲ. ಮೊದಮೊದಲು ಆಫೀಸಿನಲ್ಲಿ ನಕ್ಕರು. ಈಗ ಕೆಲವರು ಆ ಕಾಲಂ ಖಾಲಿ ಇದ್ದರೆ ಫೋನ್ ಮಾಡಿ ಕೇಳುತ್ತಾರೆ.

ಪ್ರಶ್ನೆ ಇದ್ದರೆ ಕೇಳಿ. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಅಪ್ಪನ ಅಂಗಡಿಗೆ ನೋಟಿಸ್ ಬಂದಿದ್ದರೆ ಆಡಿಟರ್ ಹತ್ತಿರ ಹೋಗಿ, ನನ್ನ ಹತ್ತಿರ ಅಲ್ಲ.